ಜಾಡಿಯ ಮೇಲಿನ ಚೀಟಿ

1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಒಂದು ದೃಶ್ಯವನ್ನು ನಾನು ಸುಮಾರು ಹದಿನೈದು ವರ್ಷ ತಪ್ಪಾಗಿ ನೆನಪಿಟ್ಟುಕೊಂಡಿದ್ದೆ. ತೊಂಬತ್ತರ ದಶಕದ ಮಧ್ಯದಲ್ಲಿ, ಮೈಸೂರಿನ ಸೋದರಮಾವನ ಮನೆಯ ನಡುಮನೆಯಲ್ಲಿ ಕೂತು, ಯಾರೋ ವಿದೇಶದಿಂದ ತಂದಿದ್ದ ಮತ್ತು ಹತ್ತಾರು ಕೈ ದಾಟಿ ಬಂದಿದ್ದ ಒಂದು ವಿಡಿಯೊ ಕ್ಯಾಸೆಟ್ಟಿನಲ್ಲಿ ನಾನು ಆ ಚಿತ್ರವನ್ನು ಮೊದಲ ಬಾರಿಗೆ ನೋಡಿದೆ. ಪರದೆಯ ಕೆಳಭಾಗದಲ್ಲಿ ಬಿಳಿ ಗೆರೆಗಳು ನಡುಗುತ್ತಿದ್ದವು, ಮಾತು ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಆಗ ನನಗೆ ಹದಿನಾಲ್ಕು ವರ್ಷ. ಕೆರೆಯ ದಂಡೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಆ ವಿಕಾರ ರೂಪದ ಎದುರು ಮಂಡಿಯೂರಿ ಕೂತು ಹೂವು ಕೊಡುತ್ತಾಳೆ. ಇಬ್ಬರೂ ಒಂದೊಂದೇ ಹೂವನ್ನು ನೀರಿಗೆ ಎಸೆಯುತ್ತಾರೆ. ಹೂವು ಮುಗಿಯುತ್ತದೆ. ಆ ದೊಡ್ಡ ಕೈಗಳು ಹುಡುಗಿಯ ಕಡೆಗೆ ಚಾಚುತ್ತವೆ, ಅಷ್ಟಕ್ಕೆ ದೃಶ್ಯ ಕತ್ತರಿಸಿ ಹೋಗುತ್ತದೆ. ಮುಂದೆ ನಮಗೆ ಕಾಣುವುದು ಅವಳ ತಂದೆ ಅವಳ ಹೆಣವನ್ನು ತೋಳಿನಲ್ಲಿ ಹೊತ್ತು ಊರೊಳಗೆ ನಡೆದು ಬರುವುದು.

ಆ ಎರಡು ದೃಶ್ಯಗಳ ನಡುವೆ ಏನಾಯಿತು ಎಂಬುದನ್ನು ಚಿತ್ರ ಹೇಳಲಿಲ್ಲ, ನಾನೇ ಹೇಳಿಕೊಂಡೆ. ನಾನು ಹೇಳಿಕೊಂಡದ್ದು ಇಲ್ಲಿ ಬರೆಯುವಂಥದ್ದಲ್ಲ. ಒಂಟಿ ಮಗು, ಅಪರಿಚಿತ ಗಂಡಸು, ನಿರ್ಜನ ಜಾಗ, ಆಮೇಲೆ ಹೆಣ: ಪತ್ರಿಕೆ ಓದುವ ವಯಸ್ಸಿಗೆ ಬಂದ ಯಾರೇ ಆದರೂ ನಡುವಿನ ತೆರವನ್ನು ಯಾವುದರಿಂದ ತುಂಬುತ್ತಾರೋ ಅದರಿಂದಲೇ ನಾನೂ ತುಂಬಿದೆ. ಶಾಲೆಯಲ್ಲಿ ಗೆಳೆಯರಿಗೆ ಕಥೆ ಹೇಳುವಾಗ ಅದನ್ನು ಕಣ್ಣಾರೆ ಕಂಡವನಂತೆ ವರ್ಣಿಸಿಯೂ ಇದ್ದೆ. ವರ್ಷಗಳ ನಂತರ, ಪೂರ್ಣಗೊಳಿಸಿದ ಸ್ವಚ್ಛ ಪ್ರತಿಯೊಂದು ಕೈಗೆ ಸಿಕ್ಕಿ ರಾತ್ರಿ ಒಬ್ಬನೇ ನೋಡುತ್ತಿದ್ದಾಗ, ನಾನು ಕಾಯುತ್ತಿದ್ದ ಜಾಗದಲ್ಲಿ ಕತ್ತರಿ ಬೀಳಲಿಲ್ಲ. ದೃಶ್ಯ ಮುಂದುವರಿಯಿತು. ನಾನು ಅಲ್ಲಿಯೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಮತ್ತೆ ನೋಡಿದೆ. ಆಮೇಲೆ ಇಡೀ ಚಿತ್ರವನ್ನು ಮೊದಲಿನಿಂದ ನೋಡಬೇಕೆನಿಸಿತು. ಅಂದಿನಿಂದ ಇದು ನಾನು ಬಿಡದೆ ಮರಳಿ ಹೋಗುವ ಚಿತ್ರಗಳಲ್ಲಿ ಒಂದಾಗಿದೆ.

ಯೂನಿವರ್ಸಲ್ ಸಂಸ್ಥೆ ಇದನ್ನು 1931ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಅವಧಿ ಸುಮಾರು 70 ನಿಮಿಷ. ನಿರ್ದೇಶಕ ಜೇಮ್ಸ್ ವೇಲ್ ಇಂಗ್ಲೆಂಡಿನ ಡಡ್ಲಿ ಎಂಬ ಕೈಗಾರಿಕಾ ಪಟ್ಟಣದ ಕಾರ್ಮಿಕ ಕುಟುಂಬದಿಂದ ಬಂದವರು. ಮೊದಲ ಮಹಾಯುದ್ಧದಲ್ಲಿ 1917ರಲ್ಲಿ ಜರ್ಮನರ ಕೈಗೆ ಸಿಕ್ಕಿ ಹೋಲ್ಜ್‌ಮಿಂಡೆನ್ ಯುದ್ಧಕೈದಿಗಳ ಶಿಬಿರದಲ್ಲಿದ್ದವರು. ನಾಟಕದ ಗೀಳು ಅವರಿಗೆ ಹತ್ತಿದ್ದು ಆ ಶಿಬಿರದಲ್ಲಿಯೇ. ಯುದ್ಧದಿಂದ ಮುಖ ಹರಿದು, ಹೊಲಿಗೆ ಹಾಕಿಸಿಕೊಂಡು ಮನೆಗೆ ಮರಳಿದ ಸಾವಿರಾರು ಗಂಡಸರನ್ನು ಆ ಕಾಲದ ಯುರೋಪು ಬೀದಿಯಲ್ಲಿ ದಿನವೂ ಕಾಣುತ್ತಿತ್ತು. ಆ ಮುಖಗಳನ್ನು ಕಂಡು ಬಂದ ಒಬ್ಬ ನಿರ್ದೇಶಕ ಹೊಲಿಗೆ ಹಾಕಿದ ಮುಖವೊಂದನ್ನು ಕ್ಯಾಮೆರಾದ ಎದುರು ನಿಲ್ಲಿಸಿದಾಗ ಅದರಲ್ಲಿ ಬರಿಯ ಹೆದರಿಕೆ ಹುಟ್ಟಿಸುವ ಆಸೆಯಷ್ಟೇ ಇತ್ತೆಂದು ನಂಬಲು ನನಗೆ ಈಗ ಸಾಧ್ಯವಾಗುವುದಿಲ್ಲ.

ಆ ಮುಖ ಹೊತ್ತ ನಟನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಬೋರಿಸ್ ಕಾರ್ಲೋಫ್ ಎಂಬುದು ರಂಗಭೂಮಿಗಾಗಿ ಇಟ್ಟುಕೊಂಡ ಹೆಸರು. ಅವರು ಹುಟ್ಟಿದ್ದು 1887ರಲ್ಲಿ, ಲಂಡನ್ನಿನಲ್ಲಿ. ತಂದೆ ಬ್ರಿಟಿಷ್ ಭಾರತದಲ್ಲಿ ಉಪ್ಪಿನ ಸುಂಕದ ಇಲಾಖೆಯ ಅಧಿಕಾರಿಯಾಗಿದ್ದವರು. ಮನೆತನದ ಹಿಂದಿನ ತಲೆಮಾರುಗಳಲ್ಲಿ ಭಾರತೀಯ ಮೂಲವೂ ಬೆರೆತಿತ್ತು. ಕಾರ್ಲೋಫ್ ಅವರ ಕಂದು ಛಾಯೆಯ ಮೈಬಣ್ಣಕ್ಕೆ ಕಾರಣ ಅದೇ. ಹಾಲಿವುಡ್ಡಿನ ಮೂಕಿ ಕಾಲದಲ್ಲಿ ಅವರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ದೂರದ ದೇಶಗಳ ಖಳರ ಸಣ್ಣಪುಟ್ಟ ಪಾತ್ರಗಳು. ಹತ್ತಾರು ಚಿತ್ರಗಳಲ್ಲಿ ಹೀಗೆ ಬಂದು ಹೋಗಿ, ನಲವತ್ಮೂರನೆಯ ವಯಸ್ಸಿನಲ್ಲಿ ಅವರು ಜ್ಯಾಕ್ ಪಿಯರ್ಸ್ ಎಂಬ ಮೇಕಪ್ ಕಲಾವಿದರ ಕುರ್ಚಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಗಂಟೆ ಕೂರಬೇಕಾಯಿತು. ತಲೆಬುರುಡೆಯನ್ನು ತೆರೆದು ಮಿದುಳು ಇಡುವ ವೈದ್ಯ ಅದನ್ನು ಡಬ್ಬಿಯ ಮುಚ್ಚಳದಂತೆ ನೇರವಾಗಿ ಕೊಯ್ದಿರಬೇಕು ಎಂದು ಯೋಚಿಸಿ ಪಿಯರ್ಸ್ ಹತ್ತಿ ಮತ್ತು ಅಂಟುದ್ರಾವಣದ ಪದರಗಳಿಂದ ಆ ಚಪ್ಪಟೆ ನೆತ್ತಿಯನ್ನು ಕಟ್ಟಿದರು. ಕಣ್ಣುಗಳು ತೀರಾ ಚುರುಕಾಗಿ ಕಾಣುತ್ತಿವೆ ಎನಿಸಿದಾಗ ರೆಪ್ಪೆಗಳ ಮೇಲೆ ಮೇಣವನ್ನು ಮೆತ್ತಿದರು. ಕಾರ್ಲೋಫ್ ತಮ್ಮ ಕಟ್ಟಿಸಿಕೊಂಡ ಹಲ್ಲುಗಳನ್ನು ತೆಗೆದಿಟ್ಟರು. ಒಂದು ಕೆನ್ನೆ ಒಳಕ್ಕೆ ಬಿದ್ದು ನೆರಳು ಮೂಡಿತು. ಇಷ್ಟೆಲ್ಲ ಹೊರೆಯ ಅಡಿಯಲ್ಲಿ ಒಬ್ಬ ನಟನಿಗೆ ಉಳಿದದ್ದು ಎರಡೇ: ಅರೆಮುಚ್ಚಿದ ಕಣ್ಣುಗಳು ಮತ್ತು ಮೊಟಕಾದ ತೋಳಿನ ಕೋಟಿನಿಂದ ಹೊರಗೆ ಚಾಚಿಕೊಂಡ ಉದ್ದನೆಯ ಕೈಗಳು. ಮಾತು ಅವರಿಗೆ ಕೊಟ್ಟಿರಲಿಲ್ಲ. ಚಿತ್ರದ ಆರಂಭದ ಪಟ್ಟಿಯಲ್ಲಿ ಆ ಪಾತ್ರದ ಎದುರು ನಟನ ಹೆಸರೂ ಇಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ.

ನಾನು ಈಗ ಈ ಚಿತ್ರವನ್ನು ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಪ್ರಯೋಗಶಾಲೆಯ ಮಿಂಚು ಗುಡುಗುಗಳಲ್ಲ. ಅವು ಇಂದಿಗೂ ಚೆನ್ನಾಗಿವೆ. ಕೆನೆತ್ ಸ್ಟ್ರಿಕ್‌ಫಾಡೆನ್ ರೂಪಿಸಿದ ಆ ವಿದ್ಯುತ್ ಯಂತ್ರಗಳನ್ನು ಮುಂದಿನ ಎಷ್ಟು ಚಿತ್ರಗಳು ಅನುಕರಿಸಿದವೋ ಲೆಕ್ಕವಿಲ್ಲ. ನಾನು ಯೋಚಿಸುತ್ತ ಕೂರುವುದು ಅದಕ್ಕಿಂತ ಮುಂಚೆ ಬರುವ, ಹೆಚ್ಚು ಜನ ಗಮನಿಸದೆ ದಾಟಿಸುವ ಒಂದು ತರಗತಿಯ ದೃಶ್ಯದ ಬಗ್ಗೆ. ಡಾಕ್ಟರ್ ವಾಲ್ಡ್‌ಮನ್ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ಗಾಜಿನ ಜಾಡಿಗಳನ್ನು ತೋರಿಸುತ್ತಾರೆ. ಒಂದರಲ್ಲಿ ಸಹಜವಾದ ಮಿದುಳು, ಇನ್ನೊಂದರಲ್ಲಿ ಅಸಹಜವಾದದ್ದು. ಎರಡರ ಮೇಲೂ ಚೀಟಿ ಅಂಟಿಸಿದೆ. ಎರಡನೆಯದರ ಮುಂಭಾಗದಲ್ಲಿ ಸುರುಳಿಗಳು ಕಡಿಮೆ ಇವೆ, ಇದು ಅಪರಾಧಿಯ ಮಿದುಳು, ಆ ಮನುಷ್ಯ ಬದುಕಿನುದ್ದಕ್ಕೂ ಕ್ರೌರ್ಯ, ಹಿಂಸೆ, ಕೊಲೆಗಳನ್ನೇ ನಡೆಸಿದ್ದಕ್ಕೆ ಇದೇ ಕಾರಣ ಎಂದು ಅವರು ಶಾಂತವಾಗಿ ವಿವರಿಸುತ್ತಾರೆ. ತರಗತಿ ಖಾಲಿಯಾದ ಮೇಲೆ, ಹೆಣಗಳ ತುಂಡುಗಳನ್ನು ಹೊಲಿದು ಜೀವಿಯೊಂದನ್ನು ಸೃಷ್ಟಿಸಲು ಹೊರಟ ಹೆನ್ರಿ ಫ್ರಾಂಕೆನ್‌ಸ್ಟೈನ್‌ನ ಗೂನುಬೆನ್ನಿನ ಸಹಾಯಕ ಫ್ರಿಟ್ಜ್ ಕಿಟಕಿಯಿಂದ ಇಳಿದು ಬಂದು ಒಳ್ಳೆಯ ಜಾಡಿಯನ್ನು ಎತ್ತಿಕೊಳ್ಳುತ್ತಾನೆ. ಏನೋ ಸದ್ದಿಗೆ ಬೆಚ್ಚಿ ಅದನ್ನು ನೆಲಕ್ಕೆ ಕೆಡಹುತ್ತಾನೆ. ಬೇರೆ ದಾರಿಯಿಲ್ಲದೆ ಕೆಟ್ಟದ್ದನ್ನೇ ಹೊತ್ತುಕೊಂಡು ಹೋಗುತ್ತಾನೆ.

ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಈ ಜಾಡಿ ಇಲ್ಲ. ಅಲ್ಲಿ ಸೃಷ್ಟಿಯಾದ ಜೀವಿ ಕೆಟ್ಟದಾಗುವುದಕ್ಕೆ ಕಾರಣ ಸೃಷ್ಟಿಸಿದವನೇ ಅದನ್ನು ನೋಡಿ ಅಸಹ್ಯಪಟ್ಟು ಓಡಿಹೋಗುವುದು ಮತ್ತು ಆಮೇಲೆ ಎದುರಾದ ಪ್ರತಿಯೊಬ್ಬರೂ ಅದರ ರೂಪಕ್ಕೆ ಹೆದರಿ ಹೊಡೆದಟ್ಟುವುದು. ಅದು ಒಂದು ಬಡ ಕುಟುಂಬದ ಗುಡಿಸಲಿಗೆ ಅಂಟಿದ ಕೊಟ್ಟಿಗೆಯಲ್ಲಿ ಅಡಗಿ ಕೂತು ಮಾತು ಕಲಿಯುತ್ತದೆ, ಮಿಲ್ಟನ್‌ನ ಮಹಾಕಾವ್ಯ ಓದುತ್ತದೆ, ತನ್ನ ದುಃಖವನ್ನು ಪುಟಗಟ್ಟಲೆ ತಾನೇ ಹೇಳಿಕೊಳ್ಳುತ್ತದೆ. ಚಿತ್ರವು ಅದರ ನಾಲಗೆಯನ್ನು ಕಿತ್ತುಕೊಂಡು ಬದಲಿಗೆ ಒಂದು ಕೆಟ್ಟ ಮಿದುಳನ್ನು ಕೊಟ್ಟಿತು. ಇದು ಚಿತ್ರಕಥೆಯ ಅನುಕೂಲಕ್ಕೆ ಮಾಡಿಕೊಂಡ ಸಣ್ಣ ಬದಲಾವಣೆಯೆಂದು ನಾನು ಮೊದಲು ಅಂದುಕೊಂಡಿದ್ದೆ. ಆದರೆ ಆ ಕಾಲವನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅಪರಾಧಿ ಹುಟ್ಟುವಾಗಲೇ ಅಪರಾಧಿ, ಅದನ್ನು ಬುರುಡೆಯಲ್ಲಿ ಮುಖದಲ್ಲಿ ಗುರುತಿಸಬಹುದು ಎಂದು ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿದ್ದು ಹಾಲಿವುಡ್ಡಿನ ವೇಳೆಗೆ ವಿದ್ಯಾವಂತರ ಸಾಮಾನ್ಯ ನಂಬಿಕೆಯಾಗಿತ್ತು. ಚಿತ್ರ ತಯಾರಾದ ಕ್ಯಾಲಿಫೋರ್ನಿಯಾದಲ್ಲಿ 1909ರಿಂದಲೇ ‘ಅಯೋಗ್ಯ’ರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾನೂನಿತ್ತು. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವರ್ಜೀನಿಯಾ ರಾಜ್ಯದ ಅಂಥದೇ ಕಾನೂನನ್ನು ಎತ್ತಿಹಿಡಿದಿತ್ತು. ನಮ್ಮಲ್ಲೂ ಅದೇ ನಂಬಿಕೆ ಸರ್ಕಾರದ ಕಡತವಾಗಿ ಕೂತಿತ್ತು: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತ್ತು, ಅದು ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂದು ಇಂದಿಗೂ ಕರೆಯುವ ಬಡಾವಣೆ ಆ ಪಟ್ಟಿಯಲ್ಲಿದ್ದವರನ್ನು ತಂದು ಕೂಡಿಹಾಕಿದ ಜಾಗ. ಹೀಗಾಗಿ ವಾಲ್ಡ್‌ಮನ್ ಆ ಜಾಡಿಯನ್ನು ಎತ್ತಿ ತೋರಿಸಿದಾಗ 1931ರ ಪ್ರೇಕ್ಷಕರಿಗೆ ಕಂಡದ್ದು ಕಲ್ಪನೆಯ ಕಥೆಯೊಂದರ ಸಾಮಾನಲ್ಲ, ವಿಜ್ಞಾನ.

ಅಂದರೆ ಚಿತ್ರಕಥೆ ಮೊದಲ ಹದಿನೈದು ನಿಮಿಷಗಳಲ್ಲೇ ತೀರ್ಪು ಬರೆದು ಮುಗಿಸಿದೆ. ಈ ದೇಹದಿಂದ ಏನೇ ಕೆಟ್ಟದ್ದು ನಡೆದರೂ ಅದಕ್ಕೆ ಕಾರಣ ಜಾಡಿ. ಆದರೆ ಆಮೇಲಿನ ಒಂದು ಗಂಟೆಯಲ್ಲಿ ಕಾರ್ಲೋಫ್ ಮತ್ತು ವೇಲ್ ಸೇರಿ ಆ ತೀರ್ಪಿಗೆ ವಿರುದ್ಧವಾದ ಸಾಕ್ಷ್ಯವನ್ನೇ ಒಂದೊಂದಾಗಿ ಮುಂದಿಡುತ್ತ ಹೋಗುತ್ತಾರೆ. ಈ ಚಿತ್ರ ತನ್ನ ಕಥೆಯೊಂದಿಗೇ ಜಗಳವಾಡುತ್ತದೆ, ಮತ್ತು ಆ ಜಗಳದಲ್ಲಿ ಕೈಗಳು ಗೆಲ್ಲುತ್ತವೆ ಎಂಬುದು ನನ್ನ ಮಾತು.

ಮೊದಲ ಸಾಕ್ಷ್ಯ ಇದು. ಕೋಟೆಯಂಥ ಹಳೆಯ ಗೋಪುರದಲ್ಲಿ ಹೆನ್ರಿ ಫ್ರಾಂಕೆನ್‌ಸ್ಟೈನ್ ಮತ್ತು ವಾಲ್ಡ್‌ಮನ್ ಮಾತಾಡುತ್ತ ಕೂತಿದ್ದಾರೆ. ನಿನ್ನ ಕೈಗೆ ಸಿಕ್ಕಿದ್ದು ಅಪರಾಧಿಯ ಮಿದುಳು ಎಂದು ವಾಲ್ಡ್‌ಮನ್ ತಿಳಿಸುತ್ತಾರೆ. ಹೆನ್ರಿ ಒಂದು ಕ್ಷಣ ಬೆಚ್ಚಿ, ಎಷ್ಟಾದರೂ ಅದು ಸತ್ತ ಅಂಗಾಂಶದ ಒಂದು ತುಂಡು ತಾನೆ ಎಂದು ತಳ್ಳಿಹಾಕುತ್ತಾನೆ. ಅದಾದ ಕೂಡಲೇ ಹೆಜ್ಜೆಯ ಸದ್ದು ಕೇಳುತ್ತದೆ. ಚೀಟಿಯನ್ನು ನಮಗೆ ಎರಡನೆಯ ಬಾರಿ ಓದಿ ಹೇಳಿದ ಮೇಲೆಯೇ ಮುಖವನ್ನು ತೋರಿಸುವುದು ಎಂಬುದನ್ನು ಗಮನಿಸಬೇಕು. ಬಾಗಿಲು ತೆರೆಯುತ್ತದೆ. ಒಳಗೆ ಬರುವ ಆಕೃತಿ ಬೆನ್ನು ತೋರಿಸುತ್ತ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಬರುತ್ತದೆ; ನಿಧಾನವಾಗಿ ತಿರುಗುತ್ತದೆ; ವೇಲ್ ಆ ಮುಖವನ್ನು ಹತ್ತಿರ, ಇನ್ನೂ ಹತ್ತಿರ, ತೀರಾ ಹತ್ತಿರ ಎಂದು ಹಠಾತ್ತನೆ ಜಿಗಿಜಿಗಿದು ತೋರಿಸುತ್ತಾರೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಇಂದಿನ ಚಿತ್ರವಾಗಿದ್ದರೆ ಇಲ್ಲಿ ಕಿವಿ ತೂತಾಗುವ ಸದ್ದು ಹಾಕುತ್ತಿದ್ದರು. ಆ ಮೌನ ನನಗೆ ಈಗ ಹೆಚ್ಚು ಭಾರವೆನಿಸುತ್ತದೆ, ಏಕೆಂದರೆ ಹೆದರಬೇಕೋ ಬೇಡವೋ ಎಂದು ಹೇಳಿಕೊಡುವವರು ಯಾರೂ ಇಲ್ಲದೆ ಆ ಮುಖದ ಎದುರು ನಾವೊಬ್ಬರೇ ಇರುತ್ತೇವೆ.

ಹೆನ್ರಿ ಕೂರಲು ಹೇಳುತ್ತಾನೆ, ಜೀವಿ ಕೂರುತ್ತದೆ. ಇದುವರೆಗೆ ಕತ್ತಲಲ್ಲೇ ಇಟ್ಟಿದ್ದ ಅದಕ್ಕಾಗಿ ಅವನು ಹಗ್ಗ ಎಳೆದು ಚಾವಣಿಯ ಕಿಂಡಿಯನ್ನು ತೆರೆಯುತ್ತಾನೆ. ಮೇಲಿನಿಂದ ಬೆಳಕು ಬೀಳುತ್ತದೆ. ಆಗ ಆ ಭಾರದ ತಲೆ ಮೆಲ್ಲಗೆ ಮೇಲೆದ್ದು, ದೇಹ ತಾನಾಗಿ ನಿಂತು, ಎರಡೂ ಕೈಗಳು ಬೆಳಕಿನ ಕಡೆಗೆ ಚಾಚುತ್ತವೆ. ಬೆರಳುಗಳು ಬಿಡಿಸಿಕೊಂಡು, ಬೀಳುವ ಬಿಸಿಲನ್ನು ಮುಟ್ಟಲು, ಹಿಡಿಯಲು ನೋಡುತ್ತವೆ. ತೊಟ್ಟಿಲಲ್ಲಿ ಮಲಗಿದ ಕೂಸು ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ತೇಲುವ ದೂಳನ್ನು ಹಿಡಿಯಲು ಹೋಗುವುದನ್ನು ಕಂಡವರಿಗೆ ಈ ಚಲನೆಯ ಪರಿಚಯವಿದೆ. ಅಷ್ಟರಲ್ಲಿ ಹೆನ್ರಿ ಕಿಂಡಿಯನ್ನು ಮುಚ್ಚುತ್ತಾನೆ. ಬೆಳಕು ಹೋಯಿತು. ಕೈಗಳು ಕೆಳಗಿಳಿದು, ಅಂಗೈ ಮೇಲಾಗಿ, ಹೆನ್ರಿಯ ಕಡೆಗೆ ತಿರುಗಿ ಬೇಡುತ್ತವೆ. ಬಾಯಲ್ಲಿ ಸಣ್ಣ ಗೊರಗು ಸದ್ದು. ಇನ್ನೂ ಒಂದು ಸಲ ತೆರೆಯೋ ಎಂದು ಮಾತಿಲ್ಲದವರು ಹೇಗೆ ಕೇಳುತ್ತಾರೋ ಹಾಗೆ.

ಇಲ್ಲಿ ಬರೆಯುವವನಿಗೆ ಕನ್ನಡ ಒಂದು ಪ್ರಶ್ನೆ ಒಡ್ಡುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದದ ಕೊನೆಗೇ ಲಿಂಗ ಅಂಟಿಕೊಂಡಿರುವುದರಿಂದ, ಬಂತು ಎನ್ನಬೇಕೋ ಬಂದ ಎನ್ನಬೇಕೋ, ಬೇಡಿತು ಎನ್ನಬೇಕೋ ಬೇಡಿದ ಎನ್ನಬೇಕೋ ಎಂದು ಪ್ರತಿ ವಾಕ್ಯದಲ್ಲೂ ತೀರ್ಮಾನಿಸಲೇಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಗೆಳೆಯರಿಗೆ ಕಥೆ ಹೇಳುವಾಗ ನಾನು ‘ಅದು ಬಂತು, ಅದು ಕೊಂದಿತು’ ಎಂದೇ ಹೇಳುತ್ತಿದ್ದೆ, ಮೃಗವನ್ನೋ ಭೂತವನ್ನೋ ಹೇಳುವ ಹಾಗೆ. ಈ ಬರಹದಲ್ಲಿಯೂ ಇಲ್ಲಿಯವರೆಗೆ ಹಾಗೆಯೇ ಬರೆದಿದ್ದೇನೆ. ಆದರೆ ಕನ್ನಡದಲ್ಲಿ ‘ಅದು’ ಮೃಗಕ್ಕೆ ಮಾತ್ರ ಸಲ್ಲುವ ಮಾತಲ್ಲ. ಮಗು ಅತ್ತಿತು, ಕೂಸು ನಕ್ಕಿತು, ಪಾಪು ಮಲಗಿತು ಎನ್ನುತ್ತೇವೆ. ಹುಟ್ಟಿ ಕೆಲವೇ ದಿನಗಳಾದ, ಮಾತು ಬಾರದ, ಮೊದಲ ಸಲ ಬಿಸಿಲು ಕಂಡ ಈ ಜೀವಕ್ಕೆ ‘ಅದು’ ಎಂಬುದು ಹೀಗೂ ಸಲ್ಲುತ್ತದೆ. ನಾನು ಅಂದು ತಪ್ಪು ಪದವನ್ನು ಬಳಸಿರಲಿಲ್ಲ, ಅದರ ಒಂದು ಅರ್ಥವನ್ನಷ್ಟೇ ಕೇಳಿಸಿಕೊಂಡಿದ್ದೆ. ಆದರೂ ಇಲ್ಲಿಂದ ಮುಂದೆ ಅವನು ಎಂದೇ ಬರೆಯುತ್ತೇನೆ. ಕೈಚಾಚಿ ಬೇಡಿದವನನ್ನು ಮತ್ತೆ ವಸ್ತುವಾಗಿಸಲು ಮನಸ್ಸು ಒಪ್ಪುವುದಿಲ್ಲ.

ಬೇಡುತ್ತಿರುವ ಆ ಕೈಗಳ ಎದುರಿಗೆ ಫ್ರಿಟ್ಜ್ ಉರಿಯುವ ಪಂಜು ಹಿಡಿದು ನುಗ್ಗುತ್ತಾನೆ. ಬೆಳಕು ಕೇಳಿದವನಿಗೆ ಬೆಂಕಿ ಬಂತು. ಅವನು ಕಿರುಚುತ್ತ ಕೈಬೀಸುತ್ತಾನೆ. ಭಯದಿಂದ ಬೀಸಿದ ಆ ಕೈಯನ್ನು ಕೋಣೆಯಲ್ಲಿರುವವರೆಲ್ಲ ದಾಳಿಯೆಂದು ಓದುತ್ತಾರೆ. ಅವನ ಮೇಲೆ ಬಿದ್ದು ಕಟ್ಟಿ, ನೆಲಮಾಳಿಗೆಗೆ ಎಳೆದು, ಸರಪಳಿ ಹಾಕುತ್ತಾರೆ. ಫ್ರಿಟ್ಜ್ ಅಲ್ಲಿಗೂ ಚಾವಟಿ ಮತ್ತು ಪಂಜು ಹಿಡಿದು ಹೋಗುತ್ತಾನೆ. ಎಲ್ಲರಿಂದ ಗದರಿಸಿಕೊಂಡು ಬದುಕುವ ಫ್ರಿಟ್ಜ್‌ನಿಗೆ ತನಗಿಂತ ಕೆಳಗಿನವನೊಬ್ಬ ಮೊದಲ ಸಲ ಸಿಕ್ಕಿದ್ದಾನೆ. ಕೊನೆಗೆ ಒಂದು ದಿನ ಫ್ರಿಟ್ಜ್‌ನ ಚೀರಾಟ ಕೇಳಿ ಕೆಳಗೆ ಓಡಿದವರಿಗೆ ಸಿಗುವುದು ನೇತಾಡುವ ಹೆಣ. ವಾಲ್ಡ್‌ಮನ್ ಪಾಲಿಗೆ ಇದು ಜಾಡಿಯ ಚೀಟಿ ನಿಜವಾದ ಕ್ಷಣ. ನಡುವೆ ನಡೆದದ್ದನ್ನೆಲ್ಲ ನೋಡಿದ ನಮಗೆ ಹಾಗೆ ಓದಲು ಆಗುವುದಿಲ್ಲ. ಈ ಮೂರು ನಿಮಿಷಗಳಲ್ಲಿ ಒಂದು ಜೀವ ಹೇಗೆ ಕೆಡುತ್ತದೆ ಎಂಬುದರ ಪೂರ್ಣ ವಿವರಣೆ ಇದೆ, ಮತ್ತು ಅದರಲ್ಲಿ ಮಿದುಳಿನ ಸುರುಳಿಗಳಿಗೆ ಯಾವ ಕೆಲಸವೂ ಇಲ್ಲ.

ಈಗ ಕೆರೆಯ ದೃಶ್ಯಕ್ಕೆ ಬರುತ್ತೇನೆ. ತನ್ನನ್ನು ಕೊಯ್ಯಲು ಹೊರಟ ವಾಲ್ಡ್‌ಮನ್‌ನನ್ನು ಕೊಂದು ಅವನು ಕಾಡಿಗೆ ತಪ್ಪಿಸಿಕೊಂಡಿದ್ದಾನೆ. ಆ ಪುಟ್ಟ ಹುಡುಗಿ ಮರಿಯಾಳ ತಂದೆ ಬೋನುಗಳನ್ನು ನೋಡಿ ಬರುತ್ತೇನೆಂದು, ಬೆಕ್ಕಿನ ಮರಿಯ ಜೊತೆ ಆಡಿಕೊಂಡಿರಲು ಹೇಳಿ ಹೋಗುತ್ತಾನೆ. ಪೊದೆಯಿಂದ ಹೊರಬಂದ ಅವನನ್ನು ಕಂಡು ಅವಳು ಹೆದರುವುದಿಲ್ಲ. ಇಡೀ ಚಿತ್ರದಲ್ಲಿ ಅವನನ್ನು ನೋಡಿ ಹೆದರದ ಏಕೈಕ ಜೀವ ಅವಳು. ನಾನು ಮರಿಯಾ, ನನ್ನ ಜೊತೆ ಆಡುತ್ತೀಯಾ ಎಂದು ಕೇಳಿ ಅವನ ಕೈಹಿಡಿದು ನೀರಿನ ಬಳಿಗೆ ಕರೆದೊಯ್ಯುತ್ತಾಳೆ. ಹೂವು ಕೊಡುತ್ತಾಳೆ. ಅವನು ಮೂಸಿ ನೋಡುತ್ತಾನೆ. ಮತ್ತು ನಗುತ್ತಾನೆ. ಕ್ಯಾಸೆಟ್ಟಿನಲ್ಲಿ ಈ ನಗು ನನಗೆ ಕಂಡಿರಲಿಲ್ಲವೋ, ಕಂಡೂ ಅದು ಹಲ್ಲು ಕಿರಿಯುವುದೆಂದು ತಿಳಿದಿದ್ದೆನೋ ಹೇಳಲಾರೆ. ನಾನು ದೋಣಿ ಮಾಡುತ್ತೇನೆ ನೋಡು ಎಂದು ಅವಳು ಹೂವನ್ನು ನೀರಿಗೆ ಎಸೆಯುತ್ತಾಳೆ, ಹೂವು ತೇಲುತ್ತದೆ. ಅವನೂ ಎಸೆಯುತ್ತಾನೆ, ಅದೂ ತೇಲುತ್ತದೆ. ಅವನ ಸಂತೋಷಕ್ಕೆ ಪಾರವಿಲ್ಲ. ಕೊನೆಯ ಹೂವೂ ಹೋದ ಮೇಲೆ ಅವನು ತನ್ನ ಖಾಲಿ ಅಂಗೈಗಳನ್ನು ನೋಡಿಕೊಳ್ಳುತ್ತಾನೆ. ಆಮೇಲೆ ಅವಳನ್ನು ನೋಡುತ್ತಾನೆ. ಅವಳೂ ಚೆಂದ, ಅವಳೂ ತೇಲಬೇಕು.

ಹಳೆಯ ಪ್ರತಿ ಮುಗಿಯುತ್ತಿದ್ದದ್ದು ಇಲ್ಲಿ. ಪೂರ್ಣ ಪ್ರತಿಯಲ್ಲಿ ಅವನು ಅವಳನ್ನೆತ್ತಿ ನೀರಿಗೆ ಎಸೆಯುತ್ತಾನೆ. ಅವಳು ನೋವೆಂದು ಕೂಗುತ್ತಾಳೆ, ನೀರಿಗೆ ಬೀಳುತ್ತಾಳೆ, ಒದ್ದಾಡಿ ಮುಳುಗುತ್ತಾಳೆ. ಅವನು ದಂಡೆಯಲ್ಲಿ ಮಂಡಿಯೂರಿ ನೀರನ್ನು ಕೈಯಿಂದ ತಡಕಾಡುತ್ತಾನೆ. ಅವಳು ತೇಲುತ್ತಿಲ್ಲ. ಯಾಕೆ ತೇಲುತ್ತಿಲ್ಲ ಎಂದು ಅವನಿಗೆ ಅರ್ಥವಾಗುವುದಿಲ್ಲ. ಆದರೆ ಏನೋ ಸರಿಪಡಿಸಲಾಗದ್ದು ನಡೆದುಹೋಯಿತು ಎಂಬುದು ಅರ್ಥವಾಗುತ್ತದೆ. ಎದ್ದು, ಎಡವುತ್ತ, ನರಳುತ್ತ ಕಾಡಿನೊಳಕ್ಕೆ ಓಡುತ್ತಾನೆ.

ಮಗುವನ್ನು ಎಸೆಯುವುದನ್ನು ತಾವು ಒಪ್ಪಿರಲಿಲ್ಲವೆಂದು ಕಾರ್ಲೋಫ್ ಮುಂದೆ ಹೇಳಿಕೊಂಡಿದ್ದಾರೆ. ವೇಲ್ ಬಿಡಲಿಲ್ಲ. ಇದರಲ್ಲಿ ನಾನು ವೇಲ್ ಅವರ ಪಕ್ಷ. ಹೂವನ್ನು ಎಸೆದ ಹಾಗೆಯೇ ಮಗುವನ್ನೂ ಎಸೆದರೆ ಮಾತ್ರ ಅವನ ತಲೆಯೊಳಗಿನ ಲೆಕ್ಕ ನಮಗೆ ಕಾಣುತ್ತದೆ, ಆ ಲೆಕ್ಕದಲ್ಲಿ ಕೇಡು ಎಲ್ಲಿಯೂ ಇಲ್ಲ ಎಂಬುದೂ ಕಾಣುತ್ತದೆ. ಮೊದಲ ಬಿಡುಗಡೆಯಲ್ಲೇ ಕೆಲವು ಕಡೆ ಸೆನ್ಸಾರ್ ಮಂಡಳಿಗಳು ಇದಕ್ಕೆ ತಕರಾರು ತೆಗೆದವು. 1934ರಿಂದ, ಚಿತ್ರಗಳಲ್ಲಿ ಏನನ್ನು ತೋರಿಸಬಾರದು ಎಂದು ಹೇಳುವ ಹಾಲಿವುಡ್ಡಿನ ನಿರ್ಮಾಣ ಸಂಹಿತೆಯ ಹಿಡಿತ ಬಿಗಿಯಾದ ಮೇಲೆ, ಮರುಬಿಡುಗಡೆಯ ಪ್ರತಿಗಳಿಂದ ಈ ತುಣುಕನ್ನು ತೆಗೆದೇಬಿಟ್ಟರು. ಅದರ ಜೊತೆಗೆ, ದೇವರಾಗುವುದೆಂದರೆ ಏನೆಂದು ಈಗ ನನಗೆ ಗೊತ್ತಾಯಿತು ಎಂದು ಹೆನ್ರಿ ಕೂಗುವ ಮಾತನ್ನೂ ಗುಡುಗಿನ ಸದ್ದಿನಲ್ಲಿ ಮುಳುಗಿಸಿದರು. ಎರಡೂ ಮರಳಿ ಸೇರಿಕೊಂಡದ್ದು 1980ರ ದಶಕದಲ್ಲಿ. ಅಂದರೆ ಸುಮಾರು ಅರ್ಧ ಶತಮಾನ ಕಾಲ ಲೋಕ ನೋಡಿದ್ದು ನಾನು ಮೈಸೂರಿನಲ್ಲಿ ನೋಡಿದ ಚಿತ್ರವನ್ನೇ. ಪ್ರೇಕ್ಷಕರ ಮನಸ್ಸು ಕೆಡಬಾರದೆಂದು ಕತ್ತರಿ ಆಡಿಸಿದವರು ಒಂದು ಅಪಘಾತವನ್ನು ಅಳಿಸಿ, ಆ ಜಾಗದಲ್ಲಿ ಪ್ರತಿಯೊಬ್ಬರೂ ತಮಗೆ ತಿಳಿದ ಅತಿ ನೀಚ ಅಪರಾಧವನ್ನು ಬರೆದುಕೊಳ್ಳುವಂತೆ ಮಾಡಿದರು. ಜಾಡಿಯ ಚೀಟಿಯನ್ನು ಹರಿದುಹಾಕಬಲ್ಲ ಅತಿ ಬಲವಾದ ಸಾಕ್ಷ್ಯವೇ ಕಸದ ಬುಟ್ಟಿ ಸೇರಿತು, ಚೀಟಿ ಮಾತ್ರ ಉಳಿಯಿತು.

ಕಾದಂಬರಿಯನ್ನು ತೆರೆದರೆ ಇನ್ನೊಂದು ವಿಷಯ ಕಾಣುತ್ತದೆ. ಅಲ್ಲಿ ಜೀವಿ ಹೊಳೆಗೆ ಬಿದ್ದ ಹುಡುಗಿಯೊಬ್ಬಳನ್ನು ಪ್ರವಾಹದಿಂದ ಎಳೆದು ದಡಕ್ಕೆ ತಂದು ಬದುಕಿಸಲು ಹೆಣಗುತ್ತಾನೆ; ಅವಳ ಜೊತೆಗಿದ್ದವನು ಅದನ್ನು ಕಂಡು ಅವನಿಗೆ ಗುಂಡು ಹೊಡೆಯುತ್ತಾನೆ. ನೀರು, ಹುಡುಗಿ, ಆ ದೊಡ್ಡ ಕೈಗಳು ಎಲ್ಲವೂ ಅಲ್ಲಿವೆ, ದಿಕ್ಕು ಮಾತ್ರ ಬೇರೆ. 1935ರಲ್ಲಿ ವೇಲ್ ಮುಂದುವರಿಕೆಯ ಚಿತ್ರ ಮಾಡಿದಾಗ ಈ ಪ್ರಸಂಗವನ್ನು ಮರಳಿ ತಂದರು: ನೀರಿಗೆ ಬಿದ್ದ ಕುರಿಗಾಹಿ ಹುಡುಗಿಯನ್ನು ಅವನು ಎತ್ತಿ ಉಳಿಸುತ್ತಾನೆ, ಅವಳು ಕಣ್ಣುಬಿಟ್ಟು ಚೀರುತ್ತಾಳೆ, ಬೇಟೆಗಾರರು ಗುಂಡು ಹಾರಿಸುತ್ತಾರೆ. ಮರಿಯಾಳ ನಂತರ ಅವನು ಏನನ್ನು ಕಲಿತಿದ್ದಾನೆ ಎಂಬುದನ್ನು ಒಂದೂ ಮಾತಿಲ್ಲದೆ ತೋರಿಸುವ ಆ ಕೆಲವು ಸೆಕೆಂಡುಗಳಿಗಾಗಿಯೇ ನಾನು ಎರಡನೆಯ ಚಿತ್ರವನ್ನೂ ಮತ್ತೆ ಮತ್ತೆ ನೋಡುತ್ತೇನೆ.

ಊರಿನಲ್ಲಿ ಹೆನ್ರಿಯ ಮದುವೆಯ ಸಂಭ್ರಮ. ಬೀದಿಯಲ್ಲಿ ಕುಣಿತ, ವಾದ್ಯ, ಪುಕ್ಕಟೆ ಬಿಯರು. ಆ ಗದ್ದಲದೊಳಕ್ಕೆ ಮರಿಯಾಳ ತಂದೆ ಮಗಳನ್ನು ಹೊತ್ತು ನಡೆದು ಬರುತ್ತಾನೆ. ಕ್ಯಾಮೆರಾ ಅವನ ಜೊತೆಗೇ ಸರಿಯುತ್ತ ಹೋಗುತ್ತದೆ. ಅವನ ಕಣ್ಣು ಯಾರನ್ನೂ ನೋಡುತ್ತಿಲ್ಲ. ಅವನು ದಾಟಿದಲ್ಲೆಲ್ಲ ಕುಣಿಯುವವರು ನಿಂತು, ನಗು ಅರ್ಧಕ್ಕೆ ಉಳಿದು, ಮೌನ ಅವನ ಬೆನ್ನ ಹಿಂದೆ ಸಾಲುಗಟ್ಟುತ್ತದೆ. ಸಿನಿಮಾದಲ್ಲಿ ದುಃಖ ನಡೆಯುವುದನ್ನು ಇದಕ್ಕಿಂತ ಚೆನ್ನಾಗಿ ನಾನು ಕಂಡಿಲ್ಲ. ಆಮೇಲೆ ಅದೇ ಜನ ಪಂಜುಗಳನ್ನೂ ನಾಯಿಗಳನ್ನೂ ಹಿಡಿದು ಮೂರು ಗುಂಪಾಗಿ ಬೇಟೆಗೆ ಹೊರಡುತ್ತಾರೆ. ಫ್ರಿಟ್ಜ್‌ನ ಕೈಯಲ್ಲಿದ್ದ ಒಂದು ಪಂಜು ಈಗ ನೂರಾಗಿದೆ. ಈ ಚಿತ್ರ ಬರುವ ಹಿಂದಿನ ವರ್ಷ, 1930ರ ಆಗಸ್ಟಿನಲ್ಲಿ, ಇಂಡಿಯಾನಾ ರಾಜ್ಯದ ಮೇರಿಯನ್ ಪಟ್ಟಣದಲ್ಲಿ ಜನಸಮೂಹವೊಂದು ಇಬ್ಬರು ಕಪ್ಪು ಯುವಕರನ್ನು ಜೈಲಿನಿಂದ ಎಳೆದು ತಂದು ಮರಕ್ಕೆ ನೇತುಹಾಕಿತ್ತು. ಮರದ ಕೆಳಗೆ ನಿಂತು ಕ್ಯಾಮೆರಾ ನೋಡಿದವರ ಚಿತ್ರ ಸಾವಿರಾರು ಪ್ರತಿಗಳಲ್ಲಿ ಮಾರಾಟವಾಗಿತ್ತು. ಬೇಟೆಯ ದೃಶ್ಯವನ್ನು ಆ ದೇಶದ ಎಲ್ಲರೂ ಒಂದೇ ರೀತಿ ನೋಡಿರಲಾರರು.

ನಾನೂ ಅದನ್ನು ಮೊದಲಿನಂತೆ ನೋಡಲಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ, ಕಾರಿನಲ್ಲಿ ಬಂದ ಗೆಳೆಯರು ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸಾಪ್‌ನಲ್ಲಿ ಓಡಿತು, ಜನ ಬೆನ್ನಟ್ಟಿದರು, ಒಬ್ಬ ಯುವಕ ಸತ್ತ. ಚಿತ್ರದಲ್ಲಿ ಮಗು ನಿಜವಾಗಿ ಸತ್ತಿದೆ, ಬೀದರಿನಲ್ಲಿ ಯಾವ ಮಗುವಿಗೂ ಏನೂ ಆಗಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಆದರೆ ಅಪರಿಚಿತ ಮತ್ತು ಮಗು ಎಂಬ ಎರಡು ಬಿಂದುಗಳ ನಡುವೆ ಜನರ ಮನಸ್ಸು ಯಾವ ಗೆರೆ ಎಳೆಯುತ್ತದೆ ಎಂಬುದು ನನಗೆ ಹೊರಗಿನಿಂದ ಕಂಡ ಸಂಗತಿಯಲ್ಲ. ಕ್ಯಾಸೆಟ್ಟಿನ ಎದುರು ಕೂತು ಅದೇ ಗೆರೆಯನ್ನು ಹದಿನಾಲ್ಕರ ವಯಸ್ಸಿನಲ್ಲಿ ನಾನೂ ಎಳೆದಿದ್ದೆ.

ಈ ಚಿತ್ರದಲ್ಲಿ ಹಳಸಿದ್ದೂ ಬೇಕಾದಷ್ಟಿದೆ. ಫ್ರಿಟ್ಜ್‌ನ ಗೂನನ್ನು ಅವನ ಕ್ರೌರ್ಯದ ಗುರುತಾಗಿ ಬಳಸುವುದು ಜಾಡಿಯ ಚೀಟಿಯಷ್ಟೇ ತಪ್ಪು. ಹೊಲಿದ ಮುಖದ ಹಿಂದೆ ಮನಸ್ಸನ್ನು ಕಂಡ ಚಿತ್ರ ಬಾಗಿದ ಬೆನ್ನಿನ ಹಿಂದೆ ಅದನ್ನು ಹುಡುಕಲಿಲ್ಲ. ಹೆನ್ರಿಯ ವಧು ಎಲಿಜಬೆತ್‌ಗೆ ಕಾಯುವುದು ಮತ್ತು ಚೀರುವುದನ್ನು ಬಿಟ್ಟು ಕೆಲಸವಿಲ್ಲ. ಮೂಲ ಲೇಖಕಿಯನ್ನೇ ಪಟ್ಟಿಯಲ್ಲಿ ಗಂಡನ ಹೆಸರಿನಿಂದ, ಮಿಸೆಸ್ ಪರ್ಸಿ ಬಿ. ಶೆಲ್ಲಿ ಎಂದು ನಮೂದಿಸಿದವರಿಂದ ಹೆಚ್ಚು ನಿರೀಕ್ಷಿಸುವುದೂ ಕಷ್ಟ. ಕೊನೆಯ ದೃಶ್ಯವಂತೂ ನನಗೆ ಪ್ರತಿ ಸಲವೂ ನೋವು ಕೊಡುತ್ತದೆ. ಹಳೆಯ ಗಾಳಿಗಿರಣಿಯಲ್ಲಿ ಹೆನ್ರಿ ಮತ್ತು ಅವನು ಎದುರಾದಾಗ, ತಿರುಗುವ ಹಲ್ಲುಗಾಲಿಯೊಂದರ ಸಂದಿನಿಂದ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಚಿತ್ರ ತನ್ನ ನಿಜವಾದ ಪ್ರಶ್ನೆಯನ್ನು ಮುಟ್ಟುವುದು ಅಲ್ಲಿ. ಜನ ಗಿರಣಿಗೆ ಬೆಂಕಿಯಿಡುತ್ತಾರೆ. ತೊಲೆಯ ಅಡಿ ಸಿಕ್ಕಿಕೊಂಡ ಅವನು ಕಿರುಚುತ್ತಾನೆ. ಹೆನ್ರಿ ಸಾಯಬೇಕೆಂದು ಮೊದಲು ಬರೆದಿದ್ದರು, ಆಮೇಲೆ ಮನಸ್ಸು ಬದಲಾಯಿಸಿ ಅವನನ್ನು ಉಳಿಸಿದರು. ಹಾಗಾಗಿ ಆ ಕಿರುಚಾಟದ ಮೇಲೆಯೇ, ದಾಸಿಯರು ಕಿಸಕ್ಕನೆ ನಗುತ್ತಿರಲು ಹೆನ್ರಿಯ ತಂದೆ, ಮುದುಕ ಬ್ಯಾರನ್, ಮನೆತನಕ್ಕೊಬ್ಬ ಗಂಡು ಹುಟ್ಟಲಿ ಎಂದು ಮದ್ಯದ ಬಟ್ಟಲು ಎತ್ತುವ ದೃಶ್ಯ ಅಂಟಿಕೊಂಡಿತು. ಆ ಮನೆತನದಲ್ಲಿ ಆಗಲೇ ಹುಟ್ಟಿದ್ದವನು ಈಗಷ್ಟೇ ಸುಟ್ಟುಹೋದ ಎಂಬುದು ಅಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಹಲವು ವರ್ಷಗಳ ಕಾಲ ಮಕ್ಕಳು ತಮಗೆ ಪತ್ರ ಬರೆಯುತ್ತಿದ್ದರೆಂದು, ಅದರಲ್ಲಿ ಭಯಕ್ಕಿಂತ ಆ ಜೀವಿಯ ಮೇಲಿನ ಕನಿಕರವೇ ಹೆಚ್ಚಾಗಿರುತ್ತಿತ್ತೆಂದು ಕಾರ್ಲೋಫ್ ಸಂದರ್ಶನಗಳಲ್ಲಿ ಹೇಳುತ್ತಿದ್ದರು. ಅವರು ತೀರಿಕೊಂಡದ್ದು 1969ರಲ್ಲಿ, ಕತ್ತರಿಸಿದ ತುಣುಕು ಮರಳುವುದಕ್ಕೆ ಬಹಳ ಮುಂಚೆ. ಹಾಗಾದರೆ ಆ ಮಕ್ಕಳಲ್ಲಿ ಬಹುಪಾಲು ನೋಡಿದ್ದೂ ಕೆರೆಯ ದಂಡೆಯಲ್ಲಿ ಅರ್ಧಕ್ಕೆ ತುಂಡಾದ ಚಿತ್ರವನ್ನೇ ಇರಬೇಕು. ನಡುವಿನ ತೆರವನ್ನು ಅವರು ನನ್ನ ಹಾಗೆ ತುಂಬಲಿಲ್ಲ. ಅವರಿಗೆ ಕಂಡದ್ದು ಚಾವಣಿಯ ಕಿಂಡಿಯೂ ಬೆಳಕಿಗೆ ಚಾಚಿದ ಬೆರಳುಗಳೂ ಆಗಿರಬೇಕು. ಆ ದೃಶ್ಯ ನನ್ನ ಕ್ಯಾಸೆಟ್ಟಿನಲ್ಲೂ ಇತ್ತು.